ಏಳನೇ ಪ್ರಶ್ನೆ

ಮೇ ೨೭, ಸೋಮವಾರ

ಇವತ್ತು ಪರಿಚಯದ ದಿನ. ಹದಿನೆಂಟು ಮಕ್ಕಳು, ಅವರ ಬೆನ್ನಿಗೆ ಮೂವತ್ತಕ್ಕೂ ಹೆಚ್ಚು ದೊಡ್ಡವರು. ನಮ್ಮ ಸರ್ಕಾರಿ ಶಾಲೆಯಲ್ಲಿ ಶಿಶುವಿಹಾರ ತೆರೆದದ್ದು ಇದೇ ಮೊದಲು. ಮನೆಯವರಿಗೆ ತರಗತಿ ತೋರಿಸಿ, ಹೆದರಿಕೆ ಬಿಡಿಸಿ ಕಳಿಸುವುದು ನನ್ನ ಪಾಲಿಗೆ ಬಂದಿದೆ. ಹತ್ತೊಂಬತ್ತು ವರ್ಷ ಏಳನೇ ತರಗತಿಗೆ ಭಾಷೆ ಕಲಿಸಿದವಳು ನಾನು. ಅಮ್ಮ ಹೋದ ಮೇಲೆ ಎರಡು ತಿಂಗಳು ರಜೆ ಹಾಕಿದ್ದೆ. ತಿರುಗಿ ಬರುವಷ್ಟರಲ್ಲಿ ನನ್ನ ತರಗತಿ ಇನ್ನೊಬ್ಬರಿಗೆ ಹೋಗಿತ್ತು, ಯಾರಿಗೂ ಬೇಡವಾದದ್ದು ನನಗೆ ಉಳಿದಿತ್ತು.

"ಎಂ.ಎ. ಓದಿರೋರು ಮೂಗು ಒರೆಸೋಕೆ ಬಂದ್ರಾ?" ಎಂದರು ಆಯಾ, ನೀರಿನ ಡ್ರಮ್ಮು ಉಜ್ಜುತ್ತಾ. ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು. ಅವರ ಬಾಯಿಗೆ ಸಿಕ್ಕದೆ ಉಳಿದವರಿಲ್ಲ.

"ಮೂಗು ಒರೆಸೋಕೂ ಓದಿರಬೇಕು ಬಿಡಿ" ಎಂದೆ. ನಗು ಬರಲಿಲ್ಲ.

ದೊಡ್ಡವರೆಲ್ಲ ಆ ಪುಟ್ಟ ಕುರ್ಚಿಗಳಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಒಬ್ಬ ತಾತ ನೇರವಾಗಿ ಶೌಚಾಲಯಕ್ಕೆ ಹೋಗಿ, ಮೂರು ನಲ್ಲಿಗಳನ್ನೂ ತಿರುಗಿಸಿ ನೋಡಿ ಬಂದು, "ಒಂದು ಸೋರುತ್ತೆ" ಎಂದು ಘೋಷಿಸಿ ಕೂತರು. ಒಬ್ಬ ಅಪ್ಪ ಎದ್ದುನಿಂತು, "ಹೋಂವರ್ಕು ಎಷ್ಟು ಕೊಡ್ತೀರಿ ಮಿಸ್?" ಎಂದ.

"ನಾಲ್ಕು ವರ್ಷದವರಿಗೆ ಹೋಂವರ್ಕು ಇಲ್ಲ."

"ಮತ್ತೆ ಮನೇಲಿ ನಾವೇನ್ ಮಾಡೋದು?"

"ಅವರ ಜೊತೆ ಮಾತಾಡಿ."

ಅದಕ್ಕಿಂತ ಕಷ್ಟದ ಹೋಂವರ್ಕು ಇಲ್ಲ ಎಂಬ ಹಾಗೆ ಅವನು ಮೆಲ್ಲಗೆ ಕೂತ.

ಬೆಳಗ್ಗೆ ಬಿಟ್ಟು ಹೋಗುವಾಗ ಕಣ್ತಪ್ಪಿಸಿ ಓಡಬಾರದು ಎಂದು ಎಲ್ಲರಿಗೂ ತಿಳಿಸಿ ಹೇಳಿದೆ. "ಮಗುವಿನ ಮುಖ ನೋಡಿ, ಬರ್ತೀನಿ ಅನ್ನಿ. ಅಂದ ಮೇಲೆ ಬಂದೇ ಬನ್ನಿ. ಅಷ್ಟೇ." ಗೋಡೆಗೆ ಒರಗಿ ನಿಂತಿದ್ದ ಒಬ್ಬಳು ತಾಯಿ ತಲೆ ತಗ್ಗಿಸಿದಳು. ನಿದ್ದೆಯಿಲ್ಲದ ಮುಖ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸವಂತೆ. ಮಗಳು ನೀಲಿ ಚೀಲವೊಂದನ್ನು ಎದೆಗೆ ಅಪ್ಪಿಕೊಂಡು ಅವಳ ಕಾಲ ಸಂದಿಯಿಂದ ನನ್ನನ್ನು ನೋಡುತ್ತಿತ್ತು.

ಕೊನೆಗೆ ಫಾರಂ ಹಂಚಿದೆ. ಹತ್ತು ಪ್ರಶ್ನೆ, ಎಲ್ಲ ನಾನೇ ಬರೆದದ್ದು. ಏಳನೆಯದು: ಮನೆಯಲ್ಲಿ ಮಗುವನ್ನು ಏನೆಂದು ಕರೆಯುತ್ತೀರಿ? ಮುಖ್ಯ ಶಿಕ್ಷಕಿ, ನಾವೆಲ್ಲ ದೊಡ್ಡ ಮೇಡಂ ಎನ್ನುವವರು, ಅದನ್ನು ಓದಿ, "ಇದು ನಿಮಗೇ ಹೊಳೀಬೇಕು ನೋಡಿ" ಎಂದಿದ್ದರು.

ಸಂಜೆ, ದಿನಾ ಓದುವ ಕವಿತೆಯ ಪುಸ್ತಕ ಬದಿಗಿಟ್ಟು ಬರೀ ಏಳನೇ ಉತ್ತರಗಳನ್ನೇ ಓದಿದೆ. ಬೆಣ್ಣೆ. ಪಟಾಕಿ. ದೊರೆ. ಅಜ್ಜಿಮುದ್ದು. ಒಬ್ಬರು ಬರೆದಿದ್ದಾರೆ: 'ಕರೆಯುವುದಿಲ್ಲ, ತಾನೇ ಬರುತ್ತಾನೆ.' ನೀಲಿ ಚೀಲದ ಹುಡುಗಿಯ ತಾಯಿ ದುಂಡು ಅಕ್ಷರದಲ್ಲಿ ಬರೆದದ್ದು: ಮಿಂಚುಳ್ಳಿ.

ಮಿಂಚುಳ್ಳಿ! ನೀರಿನ ಮೇಲೆ ಒಂದು ಗಳಿಗೆ ನೀಲಿಯಾಗಿ ಹಾದುಹೋಗುವ ಹಕ್ಕಿ. ಯಾರಿಗೆ ಹೊಳೆಯಿತೋ ಈ ಹೆಸರು. ಒಂದೇ ಪದದ ಕವಿತೆ. ಎರಡು ಸಲ ಬಾಯಿಬಿಟ್ಟು ಹೇಳಿಕೊಂಡೆ. ಮನೆಯಲ್ಲಿ ಸದ್ದು ಕೇಳಿ ಬಹಳ ದಿನವಾಗಿತ್ತು.

ಜೂನ್ ೨, ಭಾನುವಾರ

ಅಕ್ಕನ ಫೋನು. ಊಟ ಆಯ್ತಾ, ಕಾಲು ನೋವು ಹೇಗಿದೆ, ಅಮ್ಮನ ಬೀರು ಯಾವಾಗ ತೆಗೆಯೋಣ ಎಂದೆಲ್ಲ ಕೇಳಿದಳು. ಕಾಲು ನೋವಿಗೆ ಮಾತ್ರ ಉತ್ತರ ಕೊಟ್ಟೆ. ಆಗ ಅವಳು ದನಿ ತಗ್ಗಿಸಿ, ಅಮ್ಮ ಕರೆಯುತ್ತಿದ್ದ ಹೆಸರಿನಿಂದ ನನ್ನನ್ನು ಕರೆದಳು. ಫೋನು ಇಟ್ಟುಬಿಟ್ಟೆ.

ಸಿಟ್ಟು ಯಾಕೆ ಬಂತೋ. ಅವಳೇನೂ ಕೆಟ್ಟದ್ದಾಡಲಿಲ್ಲ. ಬೀರುವಿನ ಮಾತಿಗೇ ಇರಬೇಕು.

ಜೂನ್ ೩, ಸೋಮವಾರ

ಮೊದಲ ದಿನ. ಹದಿನೆಂಟರಲ್ಲಿ ಹದಿಮೂರು ಅತ್ತವು. ಪಟಾಕಿ ಎಂಬವನು ಹೆಸರಿಗೆ ತಕ್ಕ ಹಾಗೆ ಸಿಡಿದ, ದೊರೆ ಎಂಬವನು ಮೇಜಿನ ಕೆಳಗೆ ಸೇರಿಕೊಂಡ. ಆಯಾ ಸೊಂಟದ ಎರಡು ಪಕ್ಕಕ್ಕೂ ಒಬ್ಬೊಬ್ಬರನ್ನು ಏರಿಸಿಕೊಂಡು, "ಈಗ ಹೇಳಿ ಮಿಸ್, ಇದಕ್ಕೆ ಯಾವ ಪದ್ಯ ಹೇಳ್ತೀರಿ?" ಎಂದರು.

ಮಿಂಚುಳ್ಳಿ ಅಳಲಿಲ್ಲ. ಬಾಗಿಲ ಪಕ್ಕದ ಕುರ್ಚಿಯನ್ನು ಆರಿಸಿಕೊಂಡು, ಅಲ್ಲಿಂದ ಏಳಲಿಲ್ಲ. ಹತ್ತಿರ ಹೋದಾಗ, "ನನ್ನ ಚೀಲಕ್ಕೆ ಒಳಗೂ ಒಂದು ಜೇಬಿದೆ" ಎಂದಳು. "ಅದರಲ್ಲಿ ಏನಿದೆ?" "ಇನ್ನೂ ಏನೂ ಇಲ್ಲ." ಸ್ಪಷ್ಟ ಮಾತು, ತಡವರಿಕೆಯಿಲ್ಲ. ಇವಳೊಬ್ಬಳ ಚಿಂತೆ ಇಲ್ಲ ಎಂದುಕೊಂಡೆ.

ಜೂನ್ ೬, ಗುರುವಾರ

ಊಟದ ಹೊತ್ತಿನ ನಂತರ ಮಿಂಚುಳ್ಳಿ ಕಿಟಕಿಯ ಬಳಿ ನಮಗೆ ಬೆನ್ನು ಹಾಕಿ ನಿಂತಿದ್ದಳು. ಭುಜ ಸಣ್ಣಗೆ ಅಲ್ಲಾಡುತ್ತಿತ್ತು. ಮೊದಲ ಸಲ ಅಳುತ್ತಿದ್ದಾಳೆ ಎಂದುಕೊಂಡೆ. ನಾನು ಆಗತಾನೇ ಕೈ ತೊಳೆದು ಬಾಗಿಲಿಗೆ ಬಂದಿದ್ದೆ. ಮನೆಯ ದನಿ ಕೇಳಿದರೆ ಸಮಾಧಾನವಾದೀತು ಎಂದು, ಬಾಗಿಲಲ್ಲೇ ನಿಂತು, ಸ್ವಲ್ಪ ರಾಗವಾಗಿ, "ಮಿಂಚುಳ್ಳೀ" ಎಂದೆ.

ಅವಳು ತಿರುಗಿದಳು. ಅಂಥ ಮುಖವನ್ನು ನಾನು ಯಾವ ಮಗುವಿನಲ್ಲೂ ಕಂಡಿಲ್ಲ. ಮೈಯೆಲ್ಲ ಮುಖವಾಗಿತ್ತು. ಓಡಿ ಬಂದಳು. ನನ್ನ ಬಳಿಗೇ ಎಂದು ಕೈ ಚಾಚಿದೆ. ನನ್ನನ್ನು ದಾಟಿ ಪಡಸಾಲೆಗೆ ಹೋದಳು, ಆ ಕಡೆ ಈ ಕಡೆ ನೋಡಿದಳು, ಅಲ್ಲಿಂದ ಗೇಟಿನವರೆಗೂ ಓಡಿದಳು. ಆಯಾ ಹಿಂದೆ ಓಡಿ ಎತ್ತಿಕೊಂಡು ಬಂದರು. ಅಳುವೂ ಇಲ್ಲ, ಕೂಗೂ ಇಲ್ಲ. ಕೆಳಗಿಳಿಸಿದಾಗ ನನ್ನನ್ನು ಒಂದು ಗಳಿಗೆ ನೋಡಿ ತನ್ನ ಕುರ್ಚಿಗೆ ಹೋದಳು.

ಏನು ಮಾಡಿದೆ ನಾನು?

ಜೂನ್ ೭, ಶುಕ್ರವಾರ

ಒಂದು ಮಾತಿಲ್ಲ. ಶೌಚಕ್ಕೆ ಹೋಗಬೇಕೆಂದು ಮಿಂಚುಳ್ಳಿ ಕೇಳಲೂ ಇಲ್ಲ, ಕುರ್ಚಿಯಲ್ಲೇ ಒದ್ದೆ ಮಾಡಿಕೊಂಡಳು.

ಜೂನ್ ೧೦, ಸೋಮವಾರ

ಇವತ್ತೂ ಹಾಗೇ.

ಜೂನ್ ೧೧, ಮಂಗಳವಾರ

ತಾಯಿಯನ್ನು ಕೂರಿಸಿಕೊಂಡು ಕೇಳಿದೆ. ಒಗೆದು ಒಗೆದು ಸುಕ್ಕುಗಟ್ಟಿದ ಕೈಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ನಡೆದದ್ದನ್ನು ಹೇಳಿದೆ. ಹೆಸರು ಹೇಳುತ್ತಲೇ ತಲೆ ಎತ್ತಿದಳು.

"ಬಾಗಿಲಲ್ಲಿ ನಿಂತು ಕರೆದ್ರಾ ಮಿಸ್?"

"ಹೌದು."

"ಅವರಪ್ಪ ಹಾಗೇ ಕರೀತಿದ್ರು. ಕೆಲಸ ಮುಗಿಸ್ಕೊಂಡು ಬಂದು, ಒಳಗೆ ಕಾಲಿಡ್ತಿರಲಿಲ್ಲ, ಬಾಗಿಲಲ್ಲೇ ನಿಂತು ಒಂದ್ಸಲ ಕರೀಬೇಕು, ಇವಳು ಓಡಿ ಬರಬೇಕು. ನಾನು ಒಂದಿನಾನೂ ಹಾಗೆ ಕರೆದಿಲ್ಲ. ಅದು ಅವರಿಬ್ಬರ ಲೆಕ್ಕ."

"ಈಗ ಅವರು..."

"ನಾಲ್ಕು ತಿಂಗಳಾಯ್ತು. ಬರ್ತೀನಿ ಅಂತ ಹೇಳೇ ಹೋದ್ರು. ನೀವು ಅವತ್ತು ಎಲ್ಲರಿಗೂ ಹೇಳಿದ್ರಲ್ಲ, ಮುಖ ನೋಡಿ ಬರ್ತೀನಿ ಅನ್ನಿ ಅಂತ. ಮುಖ ನೋಡೇ ಹೇಳಿದ್ರು. ಈಗ ಫೋನೂ ಹೋಗಲ್ಲ."

ಆಮೇಲೆ ಕೇಳಿಯೇಬಿಟ್ಟೆ, ಅದನ್ನು ಫಾರಂನಲ್ಲಿ ಯಾಕೆ ಬರೆದೆ ಎಂದು.

"ಬರೆಯೋಕೆ ಜಾಗ ಬಿಟ್ಟಿದ್ರಲ್ಲ ಮಿಸ್. ಖಾಲಿ ಬಿಟ್ಟರೆ ಸೇರಿಸ್ಕೊಳ್ಳಲ್ವೇನೋ ಅಂತ ಭಯ ಆಯ್ತು."

ಖಾಲಿ ಬಿಟ್ಟರೆ ಸೇರಿಸಿಕೊಳ್ಳುವುದಿಲ್ಲವೇನೋ. ನಾನು ಸಂಭ್ರಮದಿಂದ ಬರೆದ ಪ್ರಶ್ನೆಯ ಮುಂದೆ ಒಬ್ಬಳು ಹೆದರಿಕೊಂಡು ಕೂತಿದ್ದಳು. ಮುಚ್ಚಿಟ್ಟದ್ದನ್ನು ತೆಗೆದು ಕೊಟ್ಟಳು. ನಾನದನ್ನು ಓದಿ ಚೆಂದವಾಗಿದೆ ಎಂದೆ. ಬಾಯಿಬಿಟ್ಟು ಹೇಳಿಕೊಂಡೆ.

ಹಿಂದಿನ ಪುಟಗಳಲ್ಲಿ ಆ ಹೆಸರು ಬರೆದಿದ್ದೇನೆ. ಇನ್ನು ಬರೆಯುವುದಿಲ್ಲ. ಅವಳು ಈ ಪುಸ್ತಕದಲ್ಲೂ ನೀಲಿ ಚೀಲದವಳು.

ಜೂನ್ ೧೪, ಶುಕ್ರವಾರ

ದೊಡ್ಡ ಮೇಡಂ ಕರೆಸಿದರು. ಮೇಜಿನ ಮೇಲೆ, ಮಕ್ಕಳು ಶಾಲೆಗೆ ಹೊಂದಿಕೊಂಡರೇ ಎಂದು ಗುರುತು ಹಾಕುವ ಹೊಂದಿಕೆ ಪುಸ್ತಕ. ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ಚೌಕ: ಹೇಳಿದ್ದು ತಿಳಿಯುತ್ತದೆ, ಶೌಚಕ್ಕೆ ಕೇಳುತ್ತದೆ, ಎಲ್ಲರೊಡನೆ ಮಾತಾಡುತ್ತದೆ. ನಾಲ್ಕು ವಾರಕ್ಕೆ ಎರಡಾದರೂ ತುಂಬದಿದ್ದರೆ ಮುಂದಿನ ವರ್ಷ ಬನ್ನಿ ಎಂದು ಕಳಿಸುವುದು ನಿಯಮ. ಹೊರಗೆ ಇಬ್ಬರು ಮಕ್ಕಳು ಸೀಟಿಗೆ ಕಾಯುತ್ತಿದ್ದಾರೆ.

"ಇಪ್ಪತ್ತೆಂಟಕ್ಕೆ ನಾನೇ ಬಂದು ಕೂತು ನೋಡ್ತೀನಿ" ಎಂದರು. "ಈ ಮಗುದು ಒಂದೇ ತುಂಬಿದೆ."

"ಮೊದಲು ಮಾತಾಡ್ತಿದ್ದಳು ಮೇಡಂ. ತಪ್ಪು ನನ್ನದು."

"ನಿಮ್ಮ ತಪ್ಪಿಗೆ ಚೌಕ ಇಲ್ಲವಲ್ಲ ಇದರಲ್ಲಿ." ಕಟುವಾಗಿ ಹೇಳಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಕಾಯ್ತಾ ಇರೋ ಆ ಇಬ್ಬರ ಅಮ್ಮಂದಿರೂ ಕೆಲಸಕ್ಕೆ ಹೋಗೋರೇ."

ನೀಲಿ ಚೀಲದವಳ ತಾಯಿಗೆ ಒಂಬತ್ತೂವರೆಗೆ ಕೆಲಸ ಶುರು. ಇಲ್ಲಿ ಸೇರಿಸುವವರೆಗೆ ಮಗಳನ್ನು ಆಸ್ಪತ್ರೆಯ ಬಟ್ಟೆಗಂಟುಗಳ ಮೇಲೆ ಕೂರಿಸಿಕೊಂಡು ದುಡಿಯುತ್ತಿದ್ದಳು. ಅಲ್ಲಿಯ ಮೇಲ್ವಿಚಾರಕ ಇನ್ನು ಮಗು ತರುವ ಹಾಗಿಲ್ಲ ಎಂದಿದ್ದಾನಂತೆ. ಇಲ್ಲಿಂದ ಕಳಿಸಿದರೆ ಆ ಕೆಲಸ ಹೋಯಿತು.

ಜೂನ್ ೧೬, ಭಾನುವಾರ

ಅಕ್ಕನ ಫೋನು ಬಂತು. ಎತ್ತಲಿಲ್ಲ. ಕವಿತೆಯ ಪುಸ್ತಕ ತೆರೆದೆ, ಎಲ್ಲ ಸಾಲುಗಳೂ ಯಾರದೋ ಮನೆಯೊಳಗೆ ಕೇಳದೆ ನುಗ್ಗಿದ ಹಾಗೆ ಕಂಡವು. ಮುಚ್ಚಿಟ್ಟೆ.

ಜೂನ್ ೧೯, ಬುಧವಾರ

ಮೂರು ದಿನ ಯೋಚಿಸಿದೆ, ನಾಲ್ಕು ವರ್ಷದ ಮಗುವಿನ ಹತ್ತಿರ ಕ್ಷಮೆ ಕೇಳುವುದು ಹೇಗೆಂದು. ನನಗೆ ತಿಳಿದ ಮಾತುಗಳೆಲ್ಲ ಉದ್ದವಾಗಿದ್ದವು. ಬೊಂಬೆ, ಬಣ್ಣದ ಕಡ್ಡಿ, ಹಾಡು, ಎಲ್ಲ ಆಗಿಹೋಗಿತ್ತು. ಅವಳು ಏನನ್ನೂ ಬೇಡ ಎನ್ನುತ್ತಿರಲಿಲ್ಲ. ಮುಟ್ಟುತ್ತಿರಲಿಲ್ಲ, ಅಷ್ಟೇ.

ಇವತ್ತು ಉಳಿದವರು ಅಂಗಳದಲ್ಲಿದ್ದಾಗ ಅವಳ ಫಾರಂ ತಂದು, ಅವಳ ಎದುರಿಗೆ ನೆಲದ ಮೇಲೆ ಕೂತೆ. ಏಳನೇ ಪ್ರಶ್ನೆಯನ್ನು ತೋರಿಸಿದೆ.

"ಇಲ್ಲಿ ನಿನ್ನದೊಂದು ಹೆಸರಿದೆ. ಅದು ನಿಮ್ಮಪ್ಪಂದು, ನಿಂದು. ನಾನು ಕೇಳದೆ ತಗೊಂಡು ಕರೆದೆ. ತಪ್ಪಾಯ್ತು. ಈಗ ವಾಪಸ್ ಕೊಡ್ತೀನಿ."

ಕತ್ತರಿಯಿಂದ ಆ ಸಾಲನ್ನು ಕತ್ತರಿಸಿದೆ. ನೀಳವಾದ ಒಂದು ಪಟ್ಟಿ. ಎರಡು ಮಡಿಕೆ ಮಾಡಿ ಅವಳ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದಳು. ಮೊದಲು ಕಾಗದವನ್ನು, ಆಮೇಲೆ ಫಾರಂನಲ್ಲಿ ಆದ ತೂತನ್ನು. ತೂತಿನೊಳಗೆ ಬೆರಳಾಡಿಸಿ ನಿಜವಾಗಿಯೂ ಇಲ್ಲವೇ ಎಂದು ಪರೀಕ್ಷಿಸಿದಳು. ಪಟ್ಟಿಯನ್ನು ತೆಗೆದುಕೊಂಡು ಚೀಲದ ಒಳಜೇಬಿಗೆ ಹಾಕಿದಳು.

ಆಯಾ ಬಾಗಿಲಲ್ಲಿ ನಿಂತು ನೋಡಿದ್ದರು. "ಸರ್ಕಾರಿ ಕಾಗದ ಕತ್ತರಿಸಿದ್ರಾ! ಮೇಡಂ ನೋಡಿದ್ರೆ ನಿಮ್ಮನ್ನೇ ಕತ್ತರಿಸ್ತಾರೆ."

"ಇಲಿ ಕಡಿದಿದೆ ಅನ್ನಿ."

"ಇಷ್ಟು ನೀಟಾಗಿ ಕಡಿಯೋ ಇಲಿ? ಅದೂ ಎಂ.ಎ. ಓದಿರಬೇಕು."

ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕೆ. ಕುರ್ಚಿಯಿಂದ ಒಂದು ಜೊತೆ ಕಣ್ಣು ನನ್ನ ಬಾಯನ್ನೇ ನೋಡುತ್ತಿದ್ದವು.

ಜೂನ್ ೨೪, ಸೋಮವಾರ

ಕುರ್ಚಿ ಬಾಗಿಲಿನಿಂದ ಒಂದು ಗೇಣು ಒಳಗೆ ಬಂದಿದೆ. ದಿನಕ್ಕೆ ನಾಲ್ಕೈದು ಸಲ ಒಳಜೇಬಿಗೆ ಕೈ ಹಾಕಿ ನೋಡಿಕೊಳ್ಳುತ್ತಾಳೆ. ಮಾತಿಲ್ಲ. ಇವತ್ತೂ ಬಟ್ಟೆ ಬದಲಿಸಬೇಕಾಯಿತು.

ಸಂಜೆ ತಾಯಿ ಒದ್ದೆ ಬಟ್ಟೆಯ ಗಂಟು ತೆಗೆದುಕೊಳ್ಳುತ್ತಾ, "ಶುಕ್ರವಾರ ಅಲ್ವಾ ಮಿಸ್?" ಎಂದಳು. ಹೌದೆಂದೆ. ಹೊರಟವಳು ತಿರುಗಿ ಬಂದಳು.

"ಚೀಲ ಒಗೆಯೋಕೆ ಅಂತ ತೆಗೆದೆ. ಜೇಬು ನೋಡದೆ ಯಾವುದನ್ನೂ ನೀರಿಗೆ ಹಾಕಲ್ಲ ನಾವು, ಡಾಕ್ಟರುಗಳು ಏನೇನೋ ಬಿಟ್ಟಿರ್ತಾರೆ. ಆ ಚೀಟಿ ಸಿಕ್ತು. ನನ್ನ ಅಕ್ಷರ ನಾನೇ ಓದಿದೆ."

"ಏನು ಮಾಡಿದೆ?"

"ಅಲ್ಲೇ ಇಟ್ಟೆ. ಚೀಲ ಒಗೀಲಿಲ್ಲ."

ಜೂನ್ ೨೭, ಗುರುವಾರ

ನಾಳೆ ಏನಾಗುತ್ತದೋ. ಮೂರನೇ ಚೌಕದ ಆಸೆ ಬಿಟ್ಟಿದ್ದೇನೆ. ಅವಳಿಗೆ ಹೇಳಿಕೊಡೋಣ, ಒಂದೇ ಒಂದು ಮಾತು ಬಾಯಿಪಾಠ ಮಾಡಿಸೋಣ ಎಂದು ಒಂದು ಗಳಿಗೆ ಅನ್ನಿಸಿತು. ಹತ್ತಿರ ಹೋಗಿ ಬಾಯಿ ತೆರೆದೆ. ಮುಚ್ಚಿಕೊಂಡು ಬಂದೆ. ಕಿತ್ತುಕೊಂಡದ್ದು ಒಂದು ಸಲ ಸಾಕು.

ಜೂನ್ ೨೮, ಶುಕ್ರವಾರ

ಮರೆಯುವ ಮೊದಲು ಎಲ್ಲ ಬರೆದಿಡಬೇಕು.

ಬೆಳಗ್ಗೆ ತಾಯಿ ಬಿಟ್ಟುಹೋಗುವಾಗ ಮಗಳ ಕೂದಲನ್ನು ಮತ್ತೆ ಮತ್ತೆ ಒತ್ತಿದಳು. "ಬರ್ತೀನಿ" ಎಂದಳು. ಮಗಳು ತಲೆಯಾಡಿಸಿದಳು.

ಹತ್ತು ಗಂಟೆಗೆ ದೊಡ್ಡ ಮೇಡಂ ಹೊಂದಿಕೆ ಪುಸ್ತಕ ಹಿಡಿದು ಹಿಂದಿನ ಗೋಡೆಯ ಬಳಿ ಕೂತರು, ಅವರೂ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು. ಪಟಾಕಿ ಹೋಗಿ ಅವರ ಕನ್ನಡಕದ ದಾರ ಎಳೆದ. ಬೆಣ್ಣೆ ತನ್ನ ಮಂಡಿಯ ತರಚು ಗಾಯವನ್ನು ತೋರಿಸಿದಳು. ಎಲ್ಲರ ಮಾತೂ ಆಯಿತು. ನೀಲಿ ಚೀಲದವಳು ಚೀಲವನ್ನು ಅಪ್ಪಿಕೊಂಡು ಕೂತೇ ಇದ್ದಳು. ಮೇಡಂ ಹತ್ತಿರ ಕರೆದು, ತಿಂಡಿ ತಿಂದ್ಯಾ ಎಂದು ಕೇಳಿದರು. ಅಮ್ಮ ಎಲ್ಲಿ ಎಂದರು. ಅವಳು ಚೀಲದ ಒಳಜೇಬಿಗೆ ಕೈ ಹಾಕಿಕೊಂಡಳು. ಮೇಡಂ ನನ್ನ ಕಡೆ ನೋಡದೆ ಪುಸ್ತಕದಲ್ಲಿ ಬೆರಳಿಟ್ಟುಕೊಂಡರು. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂತೆಂದು ಎದ್ದುಹೋದರು.

ಮಕ್ಕಳು ಚೆಲ್ಲಿದ್ದ ಮಣಿಗಳನ್ನು ಆರಿಸಲು ನೆಲಕ್ಕೆ ಕೂತೆ. ಪಕ್ಕದಲ್ಲಿ ಎರಡು ಪುಟ್ಟ ಪಾದ ಬಂದು ನಿಂತವು.

"ಮಿಸ್."

ತಲೆ ಎತ್ತಲಿಲ್ಲ. ಎತ್ತಿದರೆ ಹಾರಿಹೋಗುತ್ತದೆ ಎನ್ನಿಸಿತು.

"ನಿಮ್ಮನ್ನ ಮನೇಲಿ ಏನಂತ ಕರೀತಾರೆ?"

ನನ್ನ ಪ್ರಶ್ನೆ. ನಾನೇ ಬರೆದ, ನಾನೇ ಹಂಚಿದ ಪ್ರಶ್ನೆ. ಹದಿನೆಂಟು ಮನೆಯವರು ಮರುಮಾತಿಲ್ಲದೆ ಉತ್ತರ ಕೊಟ್ಟಿದ್ದರು. ನಾನು ಇನ್ನೊಂದು ಮಣಿ ಹೆಕ್ಕಿದೆ. ಅವಳು ಕಾದಳು. ನ್ಯಾಯವಾಗಿ ತನಗೆ ಬರಬೇಕಾದದ್ದಕ್ಕೆ ನಿಂತವರ ಹಾಗೆ, ಅವಸರವಿಲ್ಲದೆ.

ಅವಳ ಕಿವಿಗೆ ಬಾಯಿ ಇಟ್ಟು ಹೇಳಿದೆ. ಐದು ತಿಂಗಳಿನಿಂದ ಗಂಟಲಿಗೆ ಬಾರದಿದ್ದ ಮೂರು ಅಕ್ಷರ.

"ಯಾರು ಕರೀತಾರೆ?"

"ನಮ್ಮಮ್ಮ."

"ಬಾಗಿಲಲ್ಲಿ ನಿಂತ್ಕೊಂಡಾ?"

"ಇಲ್ಲ. ಒಳಗಿನ ಕೋಣೆಯಿಂದ. ನಾನು ಶಾಲೆಯಿಂದ ಹೋಗಿ ಚಪ್ಪಲಿ ಬಿಟ್ಟ ಸದ್ದು ಕೇಳಿದ ಕೂಡಲೇ."

"ಈಗ?"

"ಈಗ ಅಮ್ಮ ಇಲ್ಲ. ಯಾರೂ ಕರೆಯಲ್ಲ."

ಅವಳು ಇದನ್ನು ಯೋಚಿಸಿದಳು. ನನ್ನ ಭುಜದ ಮೇಲೆ ಕೈ ಇಟ್ಟಳು, ತುಂಬ ದೊಡ್ಡವರ ಹಾಗೆ.

"ಹೆದರ್ಕೋಬೇಡಿ ಮಿಸ್. ನಾನು ಕರೆಯಲ್ಲ."

ನಾನು ಮಣಿ ಹುಡುಕುವವಳ ಹಾಗೆ ಮುಖ ಕೆಳಗೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಒಂದು ಕಾಲ ಮೇಲೆ ಇನ್ನೊಂದು ಕಾಲು ಇಟ್ಟು ಹೊಸಕುತ್ತಾ, "ಬಾತ್‌ರೂಮಿಗೆ ಹೋಗ್ಬೇಕು" ಎಂದಳು.

ಬಾಗಿಲಲ್ಲಿದ್ದ ಆಯಾಗೆ ಇದೊಂದು ಮಾತು ಕೇಳಿಸಿತು. ಪಡಸಾಲೆಯೆಲ್ಲ ಮೊಳಗುವ ಹಾಗೆ, "ಕೇಳಿದ್ಲು! ಮೇಡಂ, ಕೇಳಿದ್ಲು, ಬನ್ನಿ!" ಎಂದು ಕೂಗಿಕೊಂಡು ಅವಳ ಕೈ ಹಿಡಿದು ಓಡಿದರು. ಕಚೇರಿಯಿಂದ ಬರುತ್ತಿದ್ದ ಮೇಡಂ ಗೋಡೆಗೆ ಸರಿದು ದಾರಿ ಬಿಟ್ಟರಂತೆ.

"ಶೌಚಕ್ಕೆ ಕೇಳಿದ್ದು ಸರಿ" ಎಂದರು ಮೇಡಂ, ಪುಸ್ತಕ ತೆರೆದು. "ಬೇರೆ ಏನಾದ್ರೂ ಮಾತಾಡಿದ್ಲಾ?"

"ಮಾತಾಡಿದಳು."

"ಏನಂತ? ಬರ್ಕೋಬೇಕು ನಾನು."

ಹೇಳಿದರೆ ಮೂರನೇ ಚೌಕವೂ ತುಂಬುತ್ತಿತ್ತು. "ಅದು ನಮ್ಮನೆ ವಿಷಯ ಮೇಡಂ. ಬರೆಯೋ ಹಾಗಿಲ್ಲ" ಎಂದೆ.

ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. ಮೂರನೇ ಚೌಕವನ್ನು ಖಾಲಿ ಬಿಟ್ಟರು. ಎರಡನೆಯದಕ್ಕೆ ಗುರುತು ಹಾಕಿ, ಪಕ್ಕದಲ್ಲಿ 'ಮುಂದುವರಿಸಬಹುದು' ಎಂದು ಬರೆದು ಸಹಿ ಮಾಡಿದರು.

ಸಂಜೆ ತಾಯಿಗೆ ಹೇಳಿದೆ. ಪುಟ್ಟ ಕುರ್ಚಿಯೊಂದರ ಮೇಲೆ ಕುಸಿದು ಕೂತಳು. ಆಮೇಲೆ ನಿಧಾನಕ್ಕೆ, "ಅವರಪ್ಪ ಬರದೇ ಇದ್ರೆ ಆ ಚೀಟಿ ಏನ್ ಮಾಡ್ತಾಳೋ" ಎಂದಳು. ಹೊರಡುವಾಗ ಮಗಳು ಗೇಟಿನ ಬಳಿ ನಿಂತು, ಎಂದಿನಂತೆ ರಸ್ತೆಯ ಎರಡೂ ಕಡೆ ನೋಡಿ, ಆಮೇಲೆ ಅಮ್ಮನ ಕೈ ಹಿಡಿದುಕೊಂಡಳು.

ಜೂನ್ ೩೦, ಭಾನುವಾರ

ಮುಂದಿನ ವರ್ಷದ ಫಾರಂ ತಿದ್ದಿದೆ. ಏಳನೇ ಪ್ರಶ್ನೆ ತೆಗೆದುಹಾಕಿದೆ. ಕೆಳಗೆ ಒಂದು ಸಾಲು ಸೇರಿಸಿದೆ: ತುಂಬಲು ಇಷ್ಟವಿಲ್ಲದ ಜಾಗವನ್ನು ಖಾಲಿ ಬಿಡಿ, ಮಗುವಿನ ಸೀಟಿಗೆ ತೊಂದರೆಯಿಲ್ಲ. ಸೋರುವ ನಲ್ಲಿಗೆ ನಾಳೆ ರಿಪೇರಿಯವನು ಬರುತ್ತಾನೆ. ಆ ತಾತನಿಗೆ ತಿಳಿಸಬೇಕು.

ಅಕ್ಕನ ಫೋನು ಬಂತು. ಎತ್ತಿಕೊಂಡೆ. ಗಾಜಿನ ಚೂರುಗಳ ನಡುವೆ ಕಾಲಿಡುವವಳ ಹಾಗೆ ಹುಷಾರಾಗಿ ಮಾತಾಡಿದಳು. ಬೀರುವಿನ ಹೆಸರೆತ್ತಲಿಲ್ಲ. ನಾನೇ, ಮುಂದಿನ ವಾರ ಬಾ, ಇಬ್ಬರೂ ಸೇರಿ ತೆಗೆಯೋಣ ಎಂದೆ.

"ಅವತ್ತು ನಾನು ಹಾಗೆ ಕರೀಬಾರದಿತ್ತೇನೋ ಕಣೇ" ಎಂದಳು. "ಬಾಯಿಗೆ ಬಂದುಬಿಡ್ತು."

"ತಪ್ಪೇನಿಲ್ಲ ಅಕ್ಕ. ಸ್ವಲ್ಪ ದಿನ ಹೋಗಲಿ. ಆಮೇಲೆ ಕರಿ."